ಎಂಬತ್ತೊಂದು ಎಲೆಗಳು

ಆಟಗಳಲ್ಲಿ ಒಬ್ಬನೇ ಕುಳಿತು ಆಡತಕ್ಕವು ಕೆಲವು. ಎದುರಿಗೆ ಇನ್ನೊಬ್ಬನು ಬೇಕೇ ಬೇಕೆನ್ನುವವು ಕೆಲವು. ಮೊದಲನೆಯ ಜಾತಿಯದಕ್ಕೆ ನಮ್ಮ ಹಿರಿಯರು ಆಟವೆಂಬ ಹೆಸರನ್ನೇ ಕೊಡುತ್ತಿರಲಿಲ್ಲ. ಒಗಟೆಂದೋ ಲೆಕ್ಕವೆಂದೋ ಬುದ್ಧಿಯ ಕಸರತ್ತೆಂದೋ ಹೇಳಿ ಬಿಡುತ್ತಿದ್ದರು. ನಮ್ಮ ದಿನಪತ್ರಿಕೆಗಳ ಒಳಪುಟದಲ್ಲಿ ಪದಬಂಧದ ಮಗ್ಗುಲಿಗೆ ಮನೆಮಾಡಿಕೊಂಡಿರುವ ಸುಡೊಕು ಈ ಒಂಟಿ ಜಾತಿಗೆ ಸೇರಿದುದು. ಮುಂಜಾನೆ ಕಾಫಿಯ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಪೆನ್ಸಿಲಿನ ತುದಿಯನ್ನು ಕಚ್ಚುತ್ತ ಕುಳಿತ ಗೃಹಸ್ಥನನ್ನು ಮಾತನಾಡಿಸಿ ನೋಡಿರಿ. ನಿಮ್ಮ ಮಾತಿಗೆ ಉತ್ತರ ಬರುವುದು ಒಂಬತ್ತನೆಯ ಅಂಕೆ ಸಿಕ್ಕಿದ ಬಳಿಕವೇ. ಅಂತಹ ಒಗಟನ್ನು ನಾಲ್ಕು ಜನರು ಸುತ್ತ ಕುಳಿತು ಒಬ್ಬರನ್ನೊಬ್ಬರು ಸೋಲಿಸುವ ಎಲೆಯಾಟವನ್ನಾಗಿ ಮಾಡಬಹುದೆಂದರೆ ಹಲವರು ನಂಬಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಅದು ನಡೆದಿದೆ. ಅದರ ವಿಚಾರವನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಸುಡೊಕುವಿನ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಒಂಬತ್ತು ಸಾಲು, ಒಂಬತ್ತು ಕಂಬ; ಒಟ್ಟು ೮೧ ಮನೆ. ಇವನ್ನೇ ಮೂರು ಮನೆಯ ಉದ್ದ, ಮೂರು ಮನೆಯ ಅಗಲದ ಒಂಬತ್ತು ಓಣಿಗಳನ್ನಾಗಿ ವಿಭಾಗಿಸಿರುತ್ತದೆ. ಒಂದರಿಂದ ಒಂಬತ್ತರವರೆಗಿನ ಅಂಕೆಗಳನ್ನು ತುಂಬಬೇಕು. ಆದರೆ ಯಾವ ಸಾಲಿನಲ್ಲಿಯೂ ಯಾವ ಕಂಬದಲ್ಲಿಯೂ ಯಾವ ಓಣಿಯಲ್ಲಿಯೂ ಒಂದು ಅಂಕೆ ಎರಡು ಸಲ ಬರಕೂಡದು. ಹೆಸರು ಜಪಾನಿನದಾದರೂ ಹುಟ್ಟಿದುದು ಅಮೆರಿಕೆಯಲ್ಲಿ. ಇಂಡಿಯಾನಾ ಪ್ರಾಂತದ ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿಯು ಇದನ್ನು ರಚಿಸಿದನು. ೧೯೭೯ರಲ್ಲಿ ಒಂದು ಒಗಟಿನ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂಬ ಹೆಸರಿನಿಂದ ಅಚ್ಚಾಯಿತು. ೧೯೮೪ರಲ್ಲಿ ಜಪಾನಿನ ನಿಕೋಲಿ ಎಂಬ ಸಂಸ್ಥೆಯು ಅದನ್ನೆತ್ತಿಕೊಂಡು, ‘ಅಂಕೆಯು ಒಂಟಿಯಾಗಿಯೇ ಇರತಕ್ಕದ್ದು’ ಎಂಬರ್ಥದ ಒಂದು ಉದ್ದ ಹೆಸರನ್ನಿಟ್ಟಿತು. ಆ ಉದ್ದ ಹೆಸರಿನ ಮೊಟಕಾದ ರೂಪವೇ ಸುಡೊಕು. ಅಲ್ಲಿಯ ಭಾಷೆಯಲ್ಲಿ ಒಂಟಿಯೆಂದರೆ ಲಗ್ನವಾಗದವನೆಂದೇ ಅರ್ಥವಂತೆ. ನಮ್ಮ ಮಾತಿನಲ್ಲಿ ಹೇಳಬೇಕಾದರೆ ಪ್ರತಿಯೊಂದು ಅಂಕೆಯೂ ತನ್ನ ಸಾಲಿನಲ್ಲಿ ನೈಷ್ಠಿಕ ಬ್ರಹ್ಮಚಾರಿ. ೨೦೦೪ರ ನವೆಂಬರದಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು ಅದನ್ನು ಪ್ರಕಟಿಸಲಾರಂಭಿಸಿದ ಮೇಲೆ ಎರಡೇ ವರ್ಷಗಳಲ್ಲಿ ಜಗತ್ತೆಲ್ಲ ಹಬ್ಬಿತು. ಗಾರ್ನ್ಸನು ಮಾತ್ರ ೧೯೮೯ರಲ್ಲಿಯೇ ತೀರಿಕೊಂಡಿದ್ದನು. ತನ್ನ ಕೂಸು ಎಷ್ಟು ಎತ್ತರ ಬೆಳೆಯಿತೆಂಬುದನ್ನು ಅವನು ಕಾಣಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದವನು. ಲಿಂಗಸುಗೂರಿನಲ್ಲಿ ನನ್ನ ವಾಸ. ಮಗನು ಸಿಂಧನೂರಿನಲ್ಲಿ ಒಂದು ಅಕ್ಕಿಯ ಗಿರಣಿಯ ಲೆಕ್ಕಪತ್ರಗಳನ್ನು ನೋಡಿಕೊಂಡು ಅಲ್ಲಿಯೇ ಸಂಸಾರ ಹೂಡಿದ್ದಾನೆ. ಇವೆರಡೂ ಊರುಗಳ ನಡುವೆ, ಅದೇ ಹೆದ್ದಾರಿಯ ಮೇಲೆ, ಮಸ್ಕಿ. ಮಸ್ಕಿಯೆಂದರೆ ವಿದ್ವಾಂಸರಿಗೆ ಅಶೋಕನ ಶಾಸನ ನೆನಪಾಗುವುದು. ದೇವಾನಾಂಪ್ರಿಯನೆಂಬ ಬಿರುದಿನ ಜತೆಗೆ ಅಶೋಕನೆಂಬ ಹೆಸರೂ ಕೊರೆದಿರುವ ಆ ಬಂಡೆ ೧೯೧೫ರಲ್ಲಿ ಒಬ್ಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿದ್ದು, ಆ ಬಿರುದಿನ ಒಡೆಯನಾರೆಂಬ ಇತಿಹಾಸಕಾರರ ಜಿಜ್ಞಾಸೆಯನ್ನು ತೀರಿಸಿತು. ನಮಗಾದರೋ ಮಸ್ಕಿಯೆಂದರೆ ಅಕ್ಕನ ಮನೆ. ಅಕ್ಕನಿಗೆ ಎಪ್ಪತ್ತು ದಾಟಿದೆ, ಮಕ್ಕಳಿಲ್ಲ, ಭಾವನವರು ಹೋಗಿ ಬಹಳ ವರ್ಷಗಳಾದುವು. ಆಕೆ ಲಿಂಗಸುಗೂರಿಗೂ ಬರಲೊಲ್ಲಳು, ಸಿಂಧನೂರಿಗೂ ಹೋಗಲೊಲ್ಲಳು. ಆದುದರಿಂದ ತಿಂಗಳಿಗೊಂದೆರಡು ಭಾನುವಾರ ನಾವು ಇತ್ತ ಕಡೆಯಿಂದಲೂ ಮಗನ ಸಂಸಾರವು ಅತ್ತ ಕಡೆಯಿಂದಲೂ ಹೊರಟು ಮಸ್ಕಿಯಲ್ಲಿ ಕೂಡುವುದು ವಾಡಿಕೆ. ಊಟವಾದ ಮೇಲೆ ಹಿರಿಯರು ಒರಗುವರು. ಮಗನೂ ಸೊಸೆಯೂ ದೂರವಾಣಿಯ ಗಾಜನ್ನು ತಿಕ್ಕುತ್ತ ಕೂಡುವರು. ಆರನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಮಾತ್ರ ಅಂಗಳಕ್ಕೂ ಪಡಸಾಲೆಗೂ ಅಲೆದಾಡುವಳು. ಅವಳಿಗಾಗಿ ನನ್ನ ಮಗನು ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದನು. ಅದರಲ್ಲಿ ಅಂಕೆಗಳನ್ನು ಮುದ್ರಿಸಿದ ನುಣುಪಾದ ಎಲೆಗಳಿದ್ದುವು. ಸುಡೊಕುವನ್ನು ಎಲೆಯಾಟವಾಗಿ ಆಡುವುದಕ್ಕೆಂದೇ ಮಾಡಿದವು.

ಪೆಟ್ಟಿಗೆಯನ್ನು ಬಿಚ್ಚುವುದೇ ತಡ, ಅಕ್ಕನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. “ಇವು ಎಲಿ ಅಲ್ಲೇನು? ಡಬ್ಬಿ ಛಂದ ಇದ್ದರ ಒಳಗಿಂದು ಬ್ಯಾರೆ ಆಗತದೇನು? ಹೊಸ್ತಿಲ ಹೊರಗ ಇಡು” ಎಂದಳು. ಮಗನು ಮರುಮಾತಾಡದೆ ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟು ಬಂದನು. ಮೊಮ್ಮಗಳಿಗೆ ಇದರ ಕಾರಣ ತಿಳಿಯದು, ಉಳಿದವರಿಗೆಲ್ಲ ತಿಳಿದುದೇ.

ನಮ್ಮ ಕಡೆಯಲ್ಲಿ ‘ಎಲಿ’ ಎಂದರೆ ಇಸ್ಪೀಟು. ಇಸ್ಪೀಟೆಂದರೆ ಬಹುಮಟ್ಟಿಗೆ ಜೂಜು. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಹೊಲಗಳಿಗೆ ಹರಿದು ಜೋಳದ ಎರೆಭೂಮಿಯು ಭತ್ತದ ಗದ್ದೆಯಾದ ಬಳಿಕ ಸಿಂಧನೂರಿನ ಸೀಮೆಯಲ್ಲಿ ಹಣವು ಹಿಂದೆಂದೂ ಕಾಣದ ರೀತಿಯಲ್ಲಿ ಓಡಾಡಿತು. ನೀರು ಹರಿದಲ್ಲಿ ಬೆಳೆಯೊಡನೆ ಕಳೆಯೂ ಬೆಳೆಯುವುದು. ಭಾವನವರು ಕುಡಿದವರಲ್ಲ, ಬಾಯಿ ಕೆಟ್ಟವರಲ್ಲ, ಒಕ್ಕಲುತನದಲ್ಲಿ ಗಟ್ಟಿಗರು. ಯುಗಾದಿಯ ಮರುದಿನ ಶಾಸ್ತ್ರಕ್ಕೆಂದು ಆಡುವ ಎಲೆ ಮೆಲ್ಲಮೆಲ್ಲನೆ ಅಮಾವಾಸ್ಯೆ-ಹುಣ್ಣಿಮೆಗೂ ಬಂದಿತು. ಆಮೇಲೆ ತಿಥಿಯನ್ನು ನೋಡುವ ಗೋಜೂ ಉಳಿಯಲಿಲ್ಲ. ಕಾಲುವೆಯ ಕೆಳಗಿನ ಐದು ಎಕರೆ ಒಂದೇ ವರ್ಷದಲ್ಲಿ ಕೈಬಿಟ್ಟಿತು. ಉಳಿದುದು ಮಸ್ಕಿಯ ಈ ಮನೆ, ಎರಡು ಎಕರೆ ಒಣಭೂಮಿ. ಅಂದಿನಿಂದ ಆ ಹೊಸ್ತಿಲೊಳಗೆ ಎಲೆ ಬಂದುದಿಲ್ಲ.

ಪುರಾಣವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಋಗ್ವೇದದ ೧೦ನೆಯ ಮಂಡಲದಲ್ಲಿ ೩೪ನೆಯದಾಗಿ ಬರುವ ಅಕ್ಷಸೂಕ್ತವು ಜೂಜುಗಾರನ ಅಳಲು. ದಾಳಗಳನ್ನು ಬಿಟ್ಟು ಹೊಲವನ್ನು ಉಳು ಎಂದೇ ಅದರಲ್ಲಿ ಅವನಿಗೆ ಬುದ್ಧಿ ಹೇಳಿದೆ. ತರಗತಿಯಲ್ಲಿ ಅದರ ಪ್ರಸ್ತಾಪ ಬಂದಾಗಲೆಲ್ಲ ನನಗೆ ಆ ಐದು ಎಕರೆ ಕಣ್ಣಮುಂದೆ ಬರುತ್ತಿತ್ತು. ಹುಡುಗರಿಗೆ ಹೇಳುತ್ತಿರಲಿಲ್ಲ.

ಮೊಮ್ಮಗಳು ಸುಮ್ಮನಾಗುವ ಪೈಕಿಯಲ್ಲ. ಅಜ್ಜಿಯ ಬೆನ್ನು ಹತ್ತಿ, ಇದರಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ, ಬರೀ ಒಂದರಿಂದ ಒಂಬತ್ತು ಎಂದು ವಾದಿಸಿದಳು. ಅಕ್ಕನು ತಡೆದು ತಡೆದು, “ಕೈಲೆ ಅಂಕಿ ಬರದ ಕಾಗದಾದರ ಅಡ್ಡಿಯಿಲ್ಲ. ಅಂಗಡ್ಯಾಗಿಂದು ಬ್ಯಾಡ” ಎಂದಳು. ಅಷ್ಟು ಅಪ್ಪಣೆ ದೊರೆತದ್ದೇ ಸಾಕಾಯಿತು. ಮಗಳ ಲಗ್ನದ ಕಾಲಕ್ಕೆ ಅಚ್ಚು ಹಾಕಿಸಿದ ಪತ್ರಿಕೆಗಳಲ್ಲಿ ನೂರರ ಮೇಲೆ ಹಂಚದೆ ಉಳಿದು ಅಟ್ಟವನ್ನು ಸೇರಿದ್ದುವು. ದಪ್ಪ ಕಾಗದ; ಬಿಸಾಡಲು ಮನಸ್ಸು ಬಾರದು, ಇಟ್ಟುಕೊಂಡರೆ ಉಪಯೋಗವಿಲ್ಲ. ಅವುಗಳಿಂದ ಎಲೆಗಳನ್ನು ಕತ್ತರಿಸುವುದೆಂದು ನಿಶ್ಚಯವಾಯಿತು. ಎಲೆಯಾಟಕ್ಕೆ ಹಿಂಬದಿಯೆಲ್ಲ ಒಂದೇ ತೆರನಾಗಿರಬೇಕಷ್ಟೆ. ಆದುದರಿಂದ ಪ್ರತಿಯೊಂದು ಪತ್ರಿಕೆಯಿಂದಲೂ ಒಂದೇ ಭಾಗವನ್ನು ಕತ್ತರಿಸಬೇಕು. ಗಣಪತಿಯ ಚಿತ್ರವಿದ್ದ ಭಾಗವು ಅಳತೆಗೆ ಸರಿಯಾಗಿತ್ತು; ಆದರೆ ದೇವರನ್ನು ನೆಲದ ಮೇಲೆ ಬೋರಲು ಹಾಕುವುದು ಅಕ್ಕನಿಗೆ ಸಮ್ಮತವಾಗಲಿಲ್ಲ. ಕೊನೆಗೆ ಮಾವಿನ ತೋರಣದ ಅಂಚಿದ್ದ ತುಂಡನ್ನು ಆರಿಸಿದೆವು. ಒಳಬದಿಯ ಬಿಳಿಯ ಮೇಲೆ ನಾನು ಕನ್ನಡದ ಅಂಕೆಗಳನ್ನು ಬರೆದೆನು. ಒಂದೊಂದು ಅಂಕೆಗೂ ಒಂಬತ್ತೊಂಬತ್ತು ಎಲೆ. ಬ್ರಹ್ಮಚಾರಿಗಳೆಲ್ಲರೂ ಲಗ್ನಪತ್ರಿಕೆಯ ಬೆನ್ನೇರಿ ಕುಳಿತುದನ್ನು ಕಂಡು ನನಗೊಬ್ಬನಿಗೇ ನಗೆ ಬಂದಿತು.

ಇಷ್ಟು ಶ್ರಮ ಬೇಡವೆನ್ನುವವರು, ಮನೆಯಲ್ಲಿ ನಿಷೇಧವಿಲ್ಲದಿದ್ದರೆ, ಸಾಮಾನ್ಯ ಇಸ್ಪೀಟಿನಿಂದಲೇ ಕೆಲಸ ಸಾಗಿಸಬಹುದು. ಒಂದು ಕಟ್ಟಿನ ೫೨ ಎಲೆಗಳಲ್ಲಿ ಹತ್ತನ್ನೂ ರಾಜ, ರಾಣಿ, ಗುಲಾಮರನ್ನೂ ತೆಗೆದರೆ ಎಕ್ಕದಿಂದ ಒಂಬತ್ತರವರೆಗೆ ೩೬ ಉಳಿಯುವುವು. ಎರಡು ಕಟ್ಟಿನಿಂದ ೭೨. ಮೂರನೆಯ ಕಟ್ಟಿನ ಒಂದು ಬಣ್ಣದಿಂದ ಮತ್ತೆ ೯. ಅಲ್ಲಿಗೆ ೮೧ ಆದುವು.

ನಾವು ಆಡುವ ಕ್ರಮವಿದು. ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ೮೧ ಮನೆಗಳನ್ನು ಬರೆಯುವುದು. ಓಣಿಗಳ ಗೆರೆ ದಪ್ಪನಾಗಿರಲಿ. ಪತ್ರಿಕೆಯಲ್ಲಿ ಕೊಡುವಂತೆ ಮೊದಲೇ ತುಂಬಿದ ಅಂಕೆಗಳಿಲ್ಲ. ಬಯಲು ಬಯಲಾಗಿಯೇ ಇರುವುದು. ಎಲೆಗಳನ್ನು ಕಲೆಸಿ ಒಬ್ಬೊಬ್ಬರಿಗೆ ಐದು ಹಂಚಿ, ಉಳಿದುದನ್ನು ನಡುವೆ ಬೋರಲಿಡಬೇಕು. ಸರದಿ ಬಂದವನು ತನ್ನ ಕೈಯೊಳಗಿನ ಒಂದೆಲೆಯನ್ನು ಯಾವುದಾದರೂ ಬರಿದಾದ ಮನೆಯಲ್ಲಿಟ್ಟು, ಕಟ್ಟಿನಿಂದ ಒಂದನ್ನು ಎತ್ತಿಕೊಳ್ಳುವನು. ಸಾಲು, ಕಂಬ, ಓಣಿಗಳಲ್ಲಿ ಆ ಅಂಕೆ ಮೊದಲೇ ಇರಕೂಡದು. ಐದರಲ್ಲಿ ಒಂದೂ ಕೂಡದಿದ್ದರೆ ಇಡದೆಯೇ ಒಂದನ್ನು ಎತ್ತಿಕೊಂಡು ಕೈಯನ್ನು ಭಾರ ಮಾಡಿಕೊಳ್ಳಬೇಕು. ಕಟ್ಟು ಮುಗಿದು ಯಾರಿಗೂ ಎಡೆಯಿಲ್ಲದಾದಾಗ ಆಟವು ನಿಲ್ಲುವುದು. ಯಾರ ಕೈಯಲ್ಲಿ ಉಳಿದ ಅಂಕೆಗಳ ಮೊತ್ತವು ಕಡಮೆಯೋ ಅವರು ಗೆದ್ದರು. ಒಂದು ಓಣಿಯ ಒಂಬತ್ತನೆಯ ಮನೆಯನ್ನು ತುಂಬಿದವರಿಗೆ ಮೊತ್ತದಲ್ಲಿ ಹತ್ತು ಮಾಫಿ.

ಇದನ್ನು ಓದಿದ ಮಾತ್ರಕ್ಕೆ ಸಪ್ಪೆಯೆನಿಸಬಹುದು. ಆಡಿ ನೋಡಿದರೆ ಒಗಟಿಗೂ ಆಟಕ್ಕೂ ಇರುವ ಅಂತರವು ಅಂಗೈಯ ನೆಲ್ಲಿಕಾಯಿಯಾಗುವುದು. ಪತ್ರಿಕೆಯ ಒಗಟಿನಲ್ಲಿ ಉತ್ತರ ಒಂದೇ; ಅದನ್ನು ರಚಿಸಿದವನು ಮೊದಲೇ ಬಚ್ಚಿಟ್ಟಿದ್ದಾನೆ, ನಾವು ಅಗೆದು ತೆಗೆಯಬೇಕು. ಹದಿನೇಳಕ್ಕಿಂತ ಕಡಮೆ ಅಂಕೆಗಳನ್ನು ಕೊಟ್ಟರೆ ಹಾಗೆ ಒಂದೇ ಉತ್ತರವು ಬಾರದೆಂದು ಡಬ್ಲಿನ್ನಿನ ಗಣಿತಜ್ಞರು ೨೦೧೨ರಲ್ಲಿ ಯಂತ್ರದ ನೆರವಿನಿಂದ ತೋರಿಸಿದ್ದಾರೆ. ನಮ್ಮ ಬಯಲಲ್ಲಿ ಮೊದಲಿಗೆ ಒಂದಂಕೆಯೂ ಇಲ್ಲವಾದುದರಿಂದ ತುಂಬುವ ಬಗೆಗಳೆಷ್ಟು? ೨೦೦೫ರಲ್ಲಿ ಎಣಿಸಿದ್ದಾರೆ: ೬,೬೭೦,೯೦೩,೭೫೨,೦೨೧,೦೭೨,೯೩೬,೯೬೦. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಸ್ಥಾನಗಳ ಹೆಸರು ಪರಾರ್ಧಕ್ಕೆ ಮುಗಿಯುವುದು, ಅಂದರೆ ಒಂದರ ಮುಂದೆ ಹದಿನೇಳು ಸೊನ್ನೆ. ಈ ಸಂಖ್ಯೆಯಾದರೋ ಅರುವತ್ತಾರು ಸಾವಿರದ ಏಳುನೂರ ಒಂಬತ್ತು ಪರಾರ್ಧಕ್ಕೂ ಮಿಗಿಲು. ಇಷ್ಟೆಲ್ಲ ದಾರಿಗಳಿದ್ದರೂ ನಮ್ಮ ಮನೆಯಲ್ಲಿ ಎಂಬತ್ತೊಂದು ಮನೆಗಳೂ ತುಂಬಿದ ದಿನ ಇನ್ನೂ ಬಂದಿಲ್ಲ. ಏಕೆಂದರೆ ಇಲ್ಲಿ ತುಂಬಬೇಕೆನ್ನುವವರಿಗಿಂತ ಕೆಡಿಸಬೇಕೆನ್ನುವವರೇ ಹೆಚ್ಚು. ಒಂದು ಬರಿ ಮನೆಯ ಸಾಲಿನಲ್ಲಿ ನಾಲ್ಕು, ಕಂಬದಲ್ಲಿ ಮೂರು, ಓಣಿಯಲ್ಲಿ ಎರಡು ಬೇರೆ ಬೇರೆ ಅಂಕೆಗಳು ಕೂಡಿ ಒಂಬತ್ತೂ ಆದವೆಂದರೆ ಆ ಮನೆ ‘ಸತ್ತಿತು’; ಅದರೊಳಗೆ ಇನ್ನು ಯಾರೂ ಕಾಲಿಡಲಾರರು. ಎದುರಾಳಿಯ ಕೈಯಲ್ಲಿ ಏಳು ಕಾದಿದೆಯೆಂಬ ಅನುಮಾನ ಬಂದರೆ, ಏಳು ಹೋಗಬಹುದಾದ ಮನೆಗಳನ್ನು ಒಂದೊಂದಾಗಿ ಕೊಲ್ಲುವುದೇ ಜಾಣತನ.

ಇದರಲ್ಲಿ ಅಕ್ಕನ ಕೈ ಹಿಡಿಯುವವರಿಲ್ಲ. ಮೊದಲೆರಡು ಭಾನುವಾರ ಬಾಗಿಲಲ್ಲಿ ನಿಂತು ನೋಡಿದಳು. ಮೂರನೆಯದರಲ್ಲಿ ಮೊಮ್ಮಗಳ ಹಿಂದೆ ಕುಳಿತು ಬೆರಳು ತೋರಿಸಿದಳು. ನಾಲ್ಕನೆಯದರಲ್ಲಿ ತನ್ನ ಪಾಲಿಗೆ ಐದು ಎಲೆ ಹಾಕೆಂದಳು. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಯಾವ ಅಂಕೆ ಎಷ್ಟು ಸಲ ಬಿದ್ದಿದೆ, ಎಷ್ಟು ಉಳಿದಿದೆ ಎಂಬುದು ಮಾತ್ರ ಆಕೆಗೆ ಬಾಯಿಪಾಠ. “ಎಂಟು ಎಲ್ಲಾ ಮುಗದಾವ, ನೀ ಯಾಕ ಆ ಮನಿ ಕಾಯಕೋತ ಕುಂತೀ?” ಎಂದು ನನ್ನ ಮಗನನ್ನು ಕೇಳುವಳು. ನಳನಿಗೆ ಅಕ್ಷಹೃದಯವನ್ನು ಕೊಟ್ಟ ಋತುಪರ್ಣನು ಓಡುವ ರಥದಿಂದಲೇ ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ಎಣಿಸಿ ಹೇಳಿದನೆಂದು ವನಪರ್ವದಲ್ಲಿ ಬರುವುದು. ಆಡುವ ವಿದ್ಯೆಯ ಮರ್ಮವು ಎಣಿಸುವ ವಿದ್ಯೆಯೇ ಎಂಬುದು ಆ ಕಥೆ ಕಟ್ಟಿದವನಿಗೆ ಚೆನ್ನಾಗಿ ತಿಳಿದಿತ್ತು.

ಎಲೆಗಳೇಕೆ, ಪಾಟಿಯ ಮೇಲೆ ಅಂಕೆ ಬರೆದು ಆಡಬಾರದೇ ಎಂದು ಕೇಳುವವರುಂಟು. ಬಾರದು. ಅದನ್ನು ತೋರಿಸಿಕೊಟ್ಟವಳು ಮೊಮ್ಮಗಳೇ. ಒಂದು ಸಂಜೆ ನಾವಿಬ್ಬರೇ ಪಾಟಿಯ ಮೇಲೆ ನಾಲ್ಕು ಸಾಲು, ನಾಲ್ಕು ಕಂಬಗಳ ಚಿಕ್ಕ ಆಟವನ್ನಾಡಿದೆವು; ಅಂಕೆ ಒಂದರಿಂದ ನಾಲ್ಕು, ಬರೆಯಲೆಡೆಯಿಲ್ಲದವನು ಸೋತನು. ಅವಳು ಪ್ರತಿಸಲವೂ ಎರಡನೆಯವಳಾಗಿ ಆಡಿದಳು, ಪ್ರತಿಸಲವೂ ಗೆದ್ದಳು. ನಾನು ಎಲ್ಲಿ ಏನು ಬರೆದರೂ ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಾದ ಮನೆಯಲ್ಲಿ ಅದೇ ಅಂಕೆಯನ್ನು ಬರೆಯುತ್ತಿದ್ದಳು. ನನಗೆ ಎಡೆಯಿದ್ದರೆ ಅವಳಿಗೂ ಎಡೆ ಇದ್ದೇ ಇರುವುದಷ್ಟೆ. ಮೊದಲು ಬರಿಗೈಯಾಗುವವನು ನಾನೇ! ಒಂಬತ್ತರ ಬಯಲಲ್ಲಿ ಇದು ನೇರವಾಗಿ ನಡೆಯದು; ಅಲ್ಲಿ ನಟ್ಟನಡುವೆ ಒಂದು ಒಂಟಿ ಮನೆಯಿದೆ, ನಡುಸಾಲು ನಡುಕಂಬಗಳು ತಮಗೆ ತಾವೇ ಎದುರು. ಆ ರಾತ್ರಿ ಕುಳಿತು ನೋಡಲಾಗಿ ಅದಕ್ಕೂ ಉಪಾಯವು ದೊರೆಯಿತು. ಮೊದಲು ಆಡುವವನು ನಡುಮನೆಯಲ್ಲಿ ೫ ಇಡಲಿ. ಮುಂದೆ ಎದುರಾಳಿಯು ಯಾವ ಮನೆಯಲ್ಲಿ ಯಾವ ಅಂಕೆಯನ್ನಿಟ್ಟರೂ, ನಡುಮನೆಯಿಂದಾಚೆ ಅಷ್ಟೇ ದೂರದ ಎದುರು ಮನೆಯಲ್ಲಿ ಹತ್ತಕ್ಕೆ ಪೂರಕವಾದ ಅಂಕೆಯನ್ನಿಡಲಿ: ಮೂರಕ್ಕೆ ಏಳು, ಒಂದಕ್ಕೆ ಒಂಬತ್ತು, ಐದಕ್ಕೆ ಐದು. ನಡುವಣ ಸಾಲು, ಕಂಬ, ಓಣಿಗಳಲ್ಲಿ ಐದು ಆಗಲೇ ಕುಳಿತಿರುವುದರಿಂದ ಅಲ್ಲಿ ಅಂಕೆಯೂ ಪೂರಕವೂ ಎಂದಿಗೂ ಒಂದೇ ಆಗವು, ಜಗಳವಿಲ್ಲ. ಹೀಗೆ ಮೊದಲಿಗನು ಸೋಲುವಂತೆಯೇ ಇಲ್ಲ. ಸೋಲೇ ಇಲ್ಲದ ಆಟವು ಎರಡನೆಯ ದಿನಕ್ಕೆ ಹಳಸುವುದು. ಎಲೆ ಬಂದಿತೆಂದರೆ ಈ ಉಪಾಯವು ಮುರಿಯಿತು: ಎದುರಾಳಿಯು ಮೂರನ್ನಿಟ್ಟಾಗ ನನ್ನ ಕೈಯಲ್ಲಿ ಏಳು ಇರಬೇಕಲ್ಲ! ಕೈಯಲ್ಲಿರುವುದು ಐದೇ ಎಲೆ, ಅವೂ ನಾನು ಆರಿಸಿಕೊಂಡವಲ್ಲ. ಇಷ್ಟು ಅದೃಷ್ಟವು ಸೇರಿದುದರಿಂದಲೇ ಲೆಕ್ಕವು ಆಟವಾಯಿತು.

ಜಗತ್ತಿನಲ್ಲಿ ಸುಡೊಕುವಿನ ಸ್ಪರ್ಧೆಗಳು ಬೇಕಾದಷ್ಟು ನಡೆಯುತ್ತವೆ. ೨೦೦೬ರಲ್ಲಿ ಇಟಲಿಯ ಲುಕ್ಕಾ ಪಟ್ಟಣದಲ್ಲಿ ಮೊದಲನೆಯ ವಿಶ್ವಸ್ಪರ್ಧೆಯು ನಡೆಯಿತು, ೨೦೧೭ರದು ನಮ್ಮ ಬೆಂಗಳೂರಿನಲ್ಲಿಯೇ ಜರುಗಿತು. ಆದರೆ ಅವು ಓಟದ ಪಂದ್ಯದ ಹಾಗೆ. ಪ್ರತಿಯೊಬ್ಬನೂ ತನ್ನ ಹಾಳೆಯ ಮೇಲೆ ತಾನೇ ಓಡುವನು, ಗಡಿಯಾರವೇ ಎದುರಾಳಿ. ಎಲೆಯಾಟವು ಕುಸ್ತಿ. ಎದುರಿನವನ ಮುಖವನ್ನು ನೋಡದೆ ಆಡಲಾಗದು. ನನಗಂತೂ ಕುಸ್ತಿಯೇ ಮೇಲೆನಿಸುವುದು.

ಇಲ್ಲಿ ಒಂದು ಸ್ವಾರಸ್ಯವಿದೆ. ಈ ಜಾತಿಯ ಒಗಟುಗಳು ಎಲೆಗೆ ಹೊಸಬರಲ್ಲ, ಒಂದು ರೀತಿಯಿಂದ ತವರಿಗೆ ಮರಳಿದವು. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿಯೇ ಒಜಾನಾಂ ಎಂಬವನ ಹೆಸರಿನ ಒಂದು ಫ್ರೆಂಚ್ ವಿನೋದಗಣಿತದ ಗ್ರಂಥದಲ್ಲಿ, ನಾಲ್ಕು ಬಣ್ಣದ ಎಕ್ಕ, ರಾಜ, ರಾಣಿ, ಗುಲಾಮ ಹೀಗೆ ೧೬ ಇಸ್ಪೀಟಿನೆಲೆಗಳನ್ನು ನಾಲ್ಕು ಸಾಲಾಗಿ, ಯಾವ ಸಾಲಿನಲ್ಲಿಯೂ ಕಂಬದಲ್ಲಿಯೂ ಒಂದೇ ಬಣ್ಣವಾಗಲಿ ಒಂದೇ ಮುಖವಾಗಲಿ ಎರಡು ಸಲ ಬಾರದಂತೆ ಹೂಡುವ ಒಗಟು ಬಂದಿದೆ. ಆಯ್ಲರ್ ಎಂಬ ಮಹಾಗಣಿತಜ್ಞನು ೧೭೮೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ೩೬ ಸೇನಾಧಿಕಾರಿಗಳನ್ನು ಹಾಗೆ ನಿಲ್ಲಿಸಲಾಗದೆಂದು ತರ್ಕಿಸಿದನು. ಆರು, ಹತ್ತು, ಹದಿನಾಲ್ಕು ಮೊದಲಾದ ಅಳತೆಗಳಲ್ಲೆಲ್ಲ ಅದು ಅಸಾಧ್ಯವೆಂದೂ ಊಹಿಸಿದನು. ಆರಕ್ಕೆ ಅವನ ಮಾತು ನಿಜವಾಯಿತು. ಹತ್ತಕ್ಕೂ ಅದರ ಮುಂದಿನವುಗಳಿಗೂ ಅದು ಸುಳ್ಳೆಂದು ೧೯೫೯ರಲ್ಲಿ ತೋರಿಸಿದ ಮೂವರಲ್ಲಿ ಇಬ್ಬರು ಭಾರತೀಯರು: ಬೋಸ್ ಮತ್ತು ಶ್ರೀಖಂಡೆ, ಮೂರನೆಯವನು ಪಾರ್ಕರ್. ಹೆಚ್ಚು ಕಡಮೆ ೧೭೭ ವರ್ಷಗಳ ಊಹೆಯನ್ನು ಉರುಳಿಸಿದ ಕೈಗಳಲ್ಲಿ ನಮ್ಮವೂ ಇದ್ದುವೆಂಬುದನ್ನು ಶಾಲೆಯ ಪುಸ್ತಕಗಳಲ್ಲಿ ಕಾಣೆವು.

ಅಂಕೆಗಳನ್ನು ಮನೆಗಳಲ್ಲಿ ಹೂಡುವ ಚಟ ಇನ್ನೂ ಹಳೆಯದು. ನಾರಾಯಣಪಂಡಿತನ ‘ಗಣಿತಕೌಮುದೀ’ (ಕ್ರಿ.ಶ. ೧೩೫೬) ಭದ್ರಗಣಿತಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಅವನು ಛಾದ್ಯ, ಛಾದಕವೆಂಬ ಎರಡು ಚೌಕಗಳನ್ನು ಬೇರೆಬೇರೆಯಾಗಿ ಕಟ್ಟಿ ಒಂದನ್ನೊಂದರ ಮೇಲೆ ಮುಚ್ಚಿ ಮೊತ್ತವು ಸರಿಯಾಗುವ ಭದ್ರವನ್ನು ಪಡೆಯುವನು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (೧೭೯೪–೧೮೬೮) ಇಂತಹವುಗಳ ಕಣಜವೇ ಆಗಿದ್ದರು. ೧೮೩೧ರಲ್ಲಿ ಆಂಗ್ಲರು ಆಡಳಿತವನ್ನು ಕಸಿದುಕೊಂಡ ಮೇಲೆ ಅವರ ಬುದ್ಧಿಯು ಗ್ರಂಥಗಳಲ್ಲಿಯೂ ಆಟಗಳಲ್ಲಿಯೂ ಎಡೆ ಹುಡುಕಿತು. ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲಿಯೂ ಒಂದೊಂದು ಸಲ ನಡೆಸಿ ಅಂಕೆ ಹಾಕುವ ಬಂಧಗಳನ್ನು ಅವರು ರಚಿಸಿದರು. ಗಂಜೀಫದ ದುಂಡನೆಯ ಎಲೆಗಳಿಗೆ ಹೊಸ ಹೊಸ ‘ಛದ’ಗಳನ್ನು ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ದಶಾವತಾರದ ಗಂಜೀಫದಲ್ಲಿ ಅವತಾರಕ್ಕೆ ಹನ್ನೆರಡರಂತೆ ೧೨೦ ಎಲೆ. ದೇವರ ಹೆಸರನ್ನೆತ್ತದೆ ಆಡುವಂತೆಯೇ ಇಲ್ಲ. ಇದನ್ನು ಅಕ್ಕನಿಗೆ ಹೇಳಿದೆನು. ಅರಸನಿಗೆ ಹೋಗಲು ರಾಜ್ಯವೇ ಉಳಿದಿರಲಿಲ್ಲವಲ್ಲ, ಆಡಿದ, ಎಂದಳು. ನನ್ನ ಇತಿಹಾಸಪಾಠವು ಅಲ್ಲಿಗೆ ಮುಗಿಯಿತು.

ಪಣದ ಮಾತು ಬಂದುದು ಕಳೆದ ದೀಪಾವಳಿಯಲ್ಲಿ. ಆಟವು ಬಿಗಿಯಾಗಲೆಂದು ನನ್ನ ಮಗನು, ಉಳಿದ ಮೊತ್ತಕ್ಕೆ ಅಂಕೆಗೊಂದು ರೂಪಾಯಿಯಂತೆ ಇಡೋಣವೆಂದನು. ಬಂದ ಹಣವೆಲ್ಲ ಮೊಮ್ಮಗಳ ಡಬ್ಬಿಗೇ ಎಂದೂ ಸೇರಿಸಿದನು. ಮಾತಿನಲ್ಲಿ ಕೇಡೇನೂ ಇರಲಿಲ್ಲ. ಅಕ್ಕನು ಕೈಯಲ್ಲಿದ್ದ ಎಲೆಗಳನ್ನು ಬೋರಲಿಟ್ಟಳು. “ರೂಪಾಯಿ ಸಣ್ಣದಲ್ಲಪ್ಪಾ. ನಿಮ್ಮ ಮಾವನೂ ರೂಪಾಯಿಲೇ ಸುರು ಮಾಡಿದ್ದರು.” ನಾನು ನಡುವೆ ಬಾಯಿ ಹಾಕಿ, ಕಾಯದೆಯೂ ಅದೃಷ್ಟದ ಆಟಕ್ಕೂ ಕೌಶಲದ ಆಟಕ್ಕೂ ಭೇದವನ್ನೆಣಿಸುವುದೆಂದು ಹೇಳಿದೆನು. “ನಿನ್ನ ಕೌಶಲ ಹೊಲಾ ಬಿಡಿಸಿ ಕೊಡತದೇನು?” ಎಂದು ಕೇಳಿದಳು. ಪಣದ ಮಾತು ಮತ್ತೆ ಏಳಲಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯವೂ ಅವಳದರಿಂದ ದೂರವಿಲ್ಲ. ಈಚಿನ ವರ್ಷಗಳಲ್ಲಿ ಎಲೆಯು ಕಟ್ಟೆಯನ್ನು ಬಿಟ್ಟು ಹುಡುಗರ ಅಂಗೈಯ ದೂರವಾಣಿಯೊಳಕ್ಕೇ ಬಂದಿತ್ತು. ರಮ್ಮಿಯಾಡಿ ಸಾಲಗಾರರಾದವರ ಸುದ್ದಿಯಿಲ್ಲದ ವಾರವಿರಲಿಲ್ಲ. ೨೦೨೫ರ ಆಗಸ್ಟಿನಲ್ಲಿ ಸಂ‌ಸತ್ತು ಹಣವಿಟ್ಟಾಡುವ ಅಂತಹ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಆ ಶಾಸನವು ಕೌಶಲ, ಅದೃಷ್ಟಗಳ ಜಿಜ್ಞಾಸೆಗೆ ಹೋಗದೆ ಹಣವಿಟ್ಟುದೇ ತಪ್ಪೆಂದಿತು; ನಾಲ್ಕನೆಯ ಇಯತ್ತೆಯ ಅಕ್ಕನು ಹೇಳಿದುದೂ ಇಷ್ಟೇ.

ಆದರೆ ಅದೇ ದೀಪಾವಳಿಯ ರಾತ್ರಿ ನಡೆದ ಇನ್ನೊಂದು ಸಂಗತಿಯನ್ನು ಬರೆಯದೆ ಬಿಡಲಾರೆನು. ಎಲೆ ಕಲೆಸುವ ಸರದಿ ಅಕ್ಕನದಾಯಿತು. ಅಲ್ಲಿಯವರೆಗೆ ಅವಳ ಪಾಲಿನ ಕಲೆಸುವಿಕೆಯನ್ನು ಮೊಮ್ಮಗಳೇ ಮಾಡುತ್ತಿದ್ದಳು. ಅಂದು ಅವಳು ನಿದ್ದೆಹೋಗಿದ್ದಳು. ಅಕ್ಕನು ಕಟ್ಟನ್ನು ತೆಗೆದುಕೊಂಡು ಎರಡು ಪಾಲು ಮಾಡಿ, ಹೆಬ್ಬೆರಳಿನಿಂದ ಅಂಚುಗಳನ್ನು ಬಾಗಿಸಿ ಬಿಟ್ಟಳು. ಲಗ್ನಪತ್ರಿಕೆಯ ಗಡುಸು ಕಾಗದವು ಮಳೆ ಬಿದ್ದಂತೆ ಸರಸರನೆ ಒಂದರೊಳಗೊಂದು ಸೇರಿತು. ಎರಡನೆಯ ಸಲ, ಮೂರನೆಯ ಸಲ. ನನ್ನ ಮಡದಿಯು ನನ್ನನ್ನು ನೋಡಿದಳು. ಮಗನು ಅಕ್ಕನ ಕೈಗಳನ್ನೇ ನೋಡುತ್ತಿದ್ದನು. ಅಷ್ಟು ಪಳಗಿದ ಕೈ ಒಂದು ದಿನದಲ್ಲಿ ಬರುವಂತಹುದಲ್ಲ.

ಯಾರೂ ಕೇಳಲಿಲ್ಲ. ಅವಳೇ ಹೇಳಿದಳು, ಹಂಚುತ್ತ ಹಂಚುತ್ತ. “ಲಗ್ನಾಗಿ ಮೂರು ವರ್ಷ ಇಬ್ಬರೇ ಆಡತಿದ್ವಿ. ಕತ್ತಿ ಆಟ. ಕಂದೀಲು ಇಟಗೊಂಡು. ಅವರೇ ಕಲಿಸಿದ್ದು ಇದು. ಸೋತವರು ಎದ್ದು ಹಾಲಿಗೆ ಹೆಪ್ಪು ಹಾಕಬೇಕು, ಅಷ್ಟ ಪಣ.” ಸ್ವಲ್ಪ ಹೊತ್ತಿನ ಮೇಲೆ, “ದಿನಾ ನಾನೇ ಹಾಕತಿದ್ದೆ, ಗೆದ್ದರೂ ನಾನೇ” ಎಂದು ನಕ್ಕಳು.

ನಲವತ್ತು ವರ್ಷ ನಾವೆಲ್ಲರೂ ಆ ಮನೆಯ ನಿಷೇಧವನ್ನು ಸಿಟ್ಟಿನ ನಿಷೇಧವೆಂದೇ ಎಣಿಸಿದ್ದೆವು. ಅದರ ಹಿಂದೆ ಕಂದೀಲಿನ ಬೆಳಕಿನ ಮೂರು ವರ್ಷಗಳಿದ್ದುವೆಂಬುದನ್ನು ಅವಳು ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಅಂದಿನಾಟದಲ್ಲಿ ಯಾರು ಗೆದ್ದರೆಂಬುದು ನನಗೆ ನೆನಪಿಲ್ಲ. ಆಟ ಮುಗಿದ ಮೇಲೆ ಮಗನು ಎದ್ದು ಅಡಿಗೆಮನೆಗೆ ಹೋಗಿ, ಹಾಲಿಗೆ ಹೆಪ್ಪು ಎಷ್ಟು ಹಾಕಬೇಕೆಂದು ಅಲ್ಲಿಂದಲೇ ಕೂಗಿ ಕೇಳಿದನು. ಅವನು ಜನ್ಮದಲ್ಲಿ ಆ ಕೆಲಸವನ್ನು ಮಾಡಿದವನಲ್ಲ. ಆಗಿನಿಂದ ಸೋತವರು ಹೆಪ್ಪು ಹಾಕುವುದೆಂದು ನಿಯಮವಾಗಿದೆ. ಸೊಸೆ ಸೋತ ದಿನ ಮೊಸರು ಚೆನ್ನಾಗಿರುವುದು. ನಾನು ಸೋತ ದಿನದ್ದನ್ನು ಯಾರೂ ಹೊಗಳುವುದಿಲ್ಲ.

ಎಲೆಗಳು ಬಿಸ್ಕೀಟಿನ ಒಂದು ಹಳೆಯ ಡಬ್ಬಿಯಲ್ಲಿ ಮಸ್ಕಿಯಲ್ಲಿಯೇ ಇರುತ್ತವೆ; ಅಂಗಡಿಯ ಪೆಟ್ಟಿಗೆಯು ಈಗಲೂ ಸಿಂಧನೂರಿನಲ್ಲಿ ಬಿಚ್ಚದೆ ಬಿದ್ದಿದೆ. ಮೊನ್ನೆ ಎಣಿಸಿದಾಗ ಎಂಬತ್ತೇ ಆದುವು; ಒಂದು ಏಳು ಕಾಣೆಯಾಗಿದೆ. ಹಿತ್ತಿಲ ಕಡೆಗೆ ಗಾಳಿಗೆ ಹಾರಿತೋ ಏನೋ. ಉಳಿದ ಪತ್ರಿಕೆಗಳಿಂದ ಹೊಸದೊಂದು ಏಳನ್ನು ಕತ್ತರಿಸಿದೆನು, ಆದರೆ ಹಳೆಯವುಗಳ ಅಂಚು ಸವೆದು ಕಂದಾಗಿವೆ. ಬೆಳ್ಳಗಿರುವ ಈ ಒಂದನ್ನು ಬೆನ್ನಿನಿಂದಲೇ ಎಲ್ಲರೂ ಗುರುತಿಸುತ್ತಾರೆ. ಅದನ್ನು ಹಿಡಿದವನ ಏಳಿನ ಮನೆಗಳನ್ನು ಅಕ್ಕನು ಮೊದಲೇ ಕೊಂದುಬಿಡುತ್ತಾಳೆ. ಚಹದ ನೀರಿನಲ್ಲಿ ಅದ್ದಿ ಒಣಗಿಸಿದರೆ ಬಣ್ಣ ಕೂಡಬಹುದೆಂದು ಮೊಮ್ಮಗಳ ಸೂಚನೆ. ಮುಂದಿನ ಭಾನುವಾರ ನೋಡಬೇಕು.